ವಾರ್ತೆಯಣ್ಣನ ಮ್ಯಾಕ್ರೊ

ಗಂಟಲಿನ ಆಪರೇಷನ್ ಆದ ನಾಲ್ಕನೇ ತಿಂಗಳಿಗೆ ವಾರ್ತೆಯಣ್ಣ ಅಂಗಡಿಗೆ ಮರಳಿದ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಮೂರು ಮೆಟ್ಟಿಲು ಹತ್ತಿದರೆ ಎರಡು ಕುರ್ಚಿ, ಎರಡು ಕನ್ನಡಿ, ಗೋಡೆಗೆ ಒರಗಿಸಿದ ಒಂದು ಬೆಂಚು. ಅಷ್ಟೇ ಆ ಕಟಿಂಗ್ ಶಾಪು. ಬಾಗಿಲ ಪಕ್ಕದ ಕುರ್ಚಿ ಅವನದು, ಒಳಗಿನದು ತಮ್ಮನದು. ಇಪ್ಪತ್ತಾರು ವರ್ಷ ಆ ಬಾಗಿಲ ಪಕ್ಕದ ಕುರ್ಚಿಯ ಹಿಂದೆ ನಿಂತು ಅವನು ಕತ್ತರಿಗಿಂತ ಹೆಚ್ಚಾಗಿ ನಾಲಿಗೆ ಆಡಿಸಿದ್ದ. ಯಾವ ಮೇಷ್ಟ್ರಿಗೆ ವರ್ಗ ಆಯಿತು, ಯಾರ ಮಗ ಯಾವ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದ, ಯಾವ ಬೀದಿಯ ನಲ್ಲಿಯಲ್ಲಿ ನಾಳೆ ನೀರು ಬರುವುದಿಲ್ಲ, ಎಲ್ಲವೂ ಪೇಪರಿನವನಿಗಿಂತ ಮುಂಚೆ ಅವನಿಗೆ ಗೊತ್ತಿರುತ್ತಿತ್ತು. ಗಡ್ಡ ಇಲ್ಲದಿದ್ದರೂ ಸುದ್ದಿಗೆಂದೇ ಬಂದು ಬೆಂಚಿನ ಮೇಲೆ ಕೂರುವವರಿದ್ದರು. ಅಪ್ಪ ಅಮ್ಮ ಇಟ್ಟ ಹೆಸರನ್ನು ಜನ ಯಾವತ್ತೋ ಮರೆತು ವಾರ್ತೆ, ವಾರ್ತೆಯಣ್ಣ ಎಂದೇ ಕರೆಯುತ್ತಿದ್ದರು.

ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡು ಡಾಕ್ಟರು ದನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಜೀವ ಉಳಿಯಿತು, ದನಿ ಹೋಯಿತು. ಕುತ್ತಿಗೆಯಲ್ಲಿ ಉಸಿರಾಡಲು ಒಂದು ತೂತು, ಕೂದಲ ಚೂರು ಒಳಗೆ ಹೋಗದ ಹಾಗೆ ಅದರ ಮೇಲೊಂದು ತೆಳುಬಟ್ಟೆ. ಕುತ್ತಿಗೆಗೆ ಒತ್ತಿ ಹಿಡಿದು ಮಾತಾಡುವ ಯಂತ್ರವೂ ಇದೆಯಂತೆ, ಆದರೆ ಗಾಯ ಪೂರ್ತಿ ಮಾಗುವ ತನಕ ಅದು ಬೇಡ ಎಂದಿದ್ದರು.

ಸ್ಲೇಟು ಹಿಡಿದರೆ ಆಯಿತಲ್ಲ ಎಂದು ಎಲ್ಲರೂ ಹೇಳಿದರು. ಹೇಳುವುದು ಸುಲಭ. ಕುರ್ಚಿಯಲ್ಲಿ ಕೂತವರು ಮೊದಲು ಮಾಡುವ ಕೆಲಸವೇ ಕನ್ನಡಕ ತೆಗೆದಿಡುವುದು. ಕಣ್ಣು ಚೆನ್ನಾಗಿರುವವರಿಗೆ ತೋರಿಸೋಣ ಎಂದರೆ ಅವರ ಮುಖ ಕನ್ನಡಿಯ ಕಡೆಗಿರುತ್ತದೆ, ಕನ್ನಡಿಯಲ್ಲಿ ಅಕ್ಷರ ಉಲ್ಟಾ ಕಾಣುತ್ತದೆ. ಅದೂ ಅಲ್ಲದೆ ಒಂದು ಕೈಯಲ್ಲಿ ಬಾಚಣಿಗೆ, ಒಂದು ಕೈಯಲ್ಲಿ ಕತ್ತರಿ. ಬಳಪ ಹಿಡಿಯಲು ಮೂರನೇ ಕೈ ಎಲ್ಲಿಂದ ತರುವುದು?

ಆಸ್ಪತ್ರೆಯಲ್ಲಿ ಮಾತು ಕಲಿಸುವ ಮೇಡಂ ಅವನಿಗೆ ಒಂದು ಅಂಗೈ ಕಂಪ್ಯೂಟರ್ ಕೊಟ್ಟಿದ್ದರು. ಹೊಸದಲ್ಲ, ಎಷ್ಟೋ ರೋಗಿಗಳ ಕೈದಾಟಿ ಬಂದದ್ದು. ಬೆಂಕಿಪೊಟ್ಟಣ ನಾಲ್ಕನ್ನು ಜೋಡಿಸಿಟ್ಟಷ್ಟು ದೊಡ್ಡದು, ಮುಟ್ಟಲು ಒಂದು ಪ್ಲಾಸ್ಟಿಕ್ ಕಡ್ಡಿ. ಅದರೊಳಗೆ ಮಾತಾಡುವ ಒಂದು ಪ್ರೋಗ್ರಾಂ. ಪರದೆಯ ಮೇಲೆ ಚೌಕಗಳು. ಒಂದೊಂದು ಚೌಕದಲ್ಲಿ ಒಂದೊಂದು ವಾಕ್ಯ. ಮುಟ್ಟಿದರೆ ಗಟ್ಟಿಯಾಗಿ ಹೇಳುತ್ತದೆ. ಚೌಕದಲ್ಲಿ ಇಲ್ಲದ್ದನ್ನು ಅಕ್ಷರ ಅಕ್ಷರ ಒತ್ತಿ ಹೇಳಿಸಬಹುದು. ತಲೆಯ ಮೇಲೆ ಬಕೆಟ್ ಬೋರಲು ಹಾಕಿಕೊಂಡವನು ಮಾತಾಡಿದ ಹಾಗಿತ್ತು ಅದರ ದನಿ. ಅದಕ್ಕೇನೂ ಅವನ ತಕರಾರಿರಲಿಲ್ಲ. ತಕರಾರಿದ್ದದ್ದು ಅದು ಬಾಯಿ ಬಿಡಲು ತೆಗೆದುಕೊಳ್ಳುತ್ತಿದ್ದ ಹೊತ್ತಿನ ಬಗ್ಗೆ.

ಬ್ಯಾಟರಿ ಹಳೆಯದು, ಬಳಸದಾಗ ಆರಿಸಲೇಬೇಕು. ಆರಿಸಿ ಹೊತ್ತಿಸಿದರೆ ಎಲ್ಲ ಮೊದಲಿನಿಂದ. ತಾರೀಖು ಸರಿಯೇ ಎಂದು ಕೇಳುತ್ತದೆ, ಸರಿ ಎನ್ನಬೇಕು. ಬ್ಯಾಟರಿ ಕಡಿಮೆಯಾಗಿದೆ ಎಂದು ಹೇಳುತ್ತದೆ, ಗೊತ್ತಪ್ಪ ಎಂದು ಮುಚ್ಚಬೇಕು. ಮೂಲೆಯ ಪಟ್ಟಿ ತೆರೆದು, ಪ್ರೋಗ್ರಾಂಗಳ ಪುಟಕ್ಕೆ ಹೋಗಿ, ಕೆಳಕ್ಕೆ ಸರಿಸಿ, ಜೋಳದ ಕಾಳಿನಷ್ಟಿರುವ ಚಿತ್ರ ಮುಟ್ಟಬೇಕು. ಆಮೇಲೆ ಅದು ಯೋಚನೆ ಮಾಡುತ್ತಾ ಕೂರುತ್ತದೆ. ತೆರೆದ ಮೇಲೆ ಮನೆಯ ಪುಟವೋ ಅಂಗಡಿಯ ಪುಟವೋ ಎಂದು ಆರಿಸಬೇಕು. ಒಟ್ಟು ಒಂಬತ್ತು ಸಲ ಮುಟ್ಟಬೇಕು, ಕೈ ಒದ್ದೆಯಿದ್ದರೆ ಹದಿನೈದು ಸಲ. ಕಡಿಮೆಯೆಂದರೂ ಒಂದು ನಿಮಿಷ ಬೇಕು. "ಕಿವಿ ಹತ್ತಿರ ಎಷ್ಟು ಗಿಡ್ಡ ಮಾಡಲಿ?" ಎಂದು ಯಂತ್ರ ಕೇಳುವ ಹೊತ್ತಿಗೆ ಪಕ್ಕದ ಕುರ್ಚಿಯಿಂದ ತಮ್ಮ ಅದನ್ನು ಕೇಳಿ, ಉತ್ತರ ಪಡೆದು, ಅಣ್ಣನಿಗೆ ದಾಟಿಸಿಯೂ ಆಗಿರುತ್ತಿತ್ತು.

ಜನ ಬದಲಾದರು. ಕೆಲವರು ಅವನ ಕಿವಿಯೂ ಹೋಗಿದೆ ಎಂದುಕೊಂಡು ಕೂಗಿ ಮಾತಾಡುತ್ತಿದ್ದರು. ಇನ್ನು ಕೆಲವರು ಅವನ ತಲೆಯ ಮೇಲಿಂದ ತಮ್ಮನಿಗೆ ಹೇಳುತ್ತಿದ್ದರು, "ನಿಮ್ಮಣ್ಣನಿಗೆ ಹೇಳಪ್ಪ, ಮೀಸೆ ಮುಟ್ಟೋದು ಬೇಡ ಅಂತ." ಮೀಸೆಯ ಮುಂದೆ ನಿಂತವನು ಅವನೇ. ಬರಬರುತ್ತಾ ಅವರು ಒಳಗಿನ ಕುರ್ಚಿ ಖಾಲಿಯಾಗಲಿ ಎಂದು ಬೆಂಚಿನ ಮೇಲೆ ಕಾಯತೊಡಗಿದರು. ಬಾಗಿಲ ಪಕ್ಕದ ಕುರ್ಚಿ ದಿನದಲ್ಲಿ ಅರ್ಧ ಹೊತ್ತು ಖಾಲಿ.

ಹೀಗಿರುವಾಗ ಒಂದು ಬೆಳಿಗ್ಗೆ ಕಟ್ಟಡದ ಮಾಲೀಕರು ಬಂದರು. ದಪ್ಪ ಕನ್ನಡಕದ, ಮೆತ್ತಗಿನ ಮಾತಿನ ಮನುಷ್ಯ. ಕೂರಲಿಲ್ಲ. ಬೀಗದ ಕೈ ಮಾಡುವವನೊಬ್ಬ ರಸ್ತೆಗೆ ಕಾಣುವ ಜಾಗ ಹುಡುಕುತ್ತಿದ್ದಾನೆ, ಬಾಗಿಲ ಪಕ್ಕದ ಈ ಕುರ್ಚಿ ತೆಗೆದರೆ ಅವನಿಗೊಂದು ಮೇಜು ಹಾಕಿಕೊಡಬಹುದು, ನಿಮಗೂ ಬಾಡಿಗೆಯ ಭಾರ ಕಡಿಮೆಯಾಗುತ್ತದೆ, ನಿಮ್ಮಣ್ಣನೂ ಆರಾಮಾಗಿರಬಹುದು ಎಂದು ತಮ್ಮನಿಗೆ ಹೇಳಿದರು. ತಮ್ಮ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ನೆಲ ನೋಡಿಕೊಂಡು ಟವೆಲ್ ಮಡಿಸುತ್ತಿದ್ದ.

ವಾರ್ತೆಯಣ್ಣ ಜೇಬಿನಿಂದ ಯಂತ್ರ ತೆಗೆದು ಹೊತ್ತಿಸಿದ. ತಾರೀಖು ಸರಿ. ಬ್ಯಾಟರಿ ಕಡಿಮೆ. ಪಟ್ಟಿ. ಪುಟ. ಅವಸರಕ್ಕೆ ಪಕ್ಕದ ಚಿತ್ರಕ್ಕೆ ಕಡ್ಡಿ ತಾಗಿ ಲೆಕ್ಕದ ಯಂತ್ರ ತೆರೆಯಿತು. ಅದನ್ನು ಮುಚ್ಚಿ ಮತ್ತೆ ಹೋಗುವಷ್ಟರಲ್ಲಿ ಮಾಲೀಕರು, ಹದಿನೈದು ದಿನ ಬಿಟ್ಟು ಬರುತ್ತೇನೆ, ಯೋಚಿಸಿ ಹೇಳಿ ಎಂದು ಮೆಟ್ಟಿಲಿಳಿದಿದ್ದರು. ಖಾಲಿ ಬಾಗಿಲಿಗೆ ಮುಖ ಮಾಡಿಕೊಂಡು ಯಂತ್ರ, "ನಾನು ಒಪ್ಪುವುದಿಲ್ಲ" ಎಂದಿತು. ಬೆಂಚಿನ ಮೇಲಿದ್ದವರೊಬ್ಬರು ಪೇಪರ್ ಮೇಲಕ್ಕೆತ್ತಿ ಮುಖ ಮುಚ್ಚಿಕೊಂಡರು.

"ಅಣ್ಣಾ, ಅವರು ಹೋದರು," ಎಂದ ತಮ್ಮ. ಆಮೇಲೆ ಮೆಲ್ಲಗೆ, "ನಿನ್ನ ಒಳ್ಳೇದಕ್ಕೇ ನಾನೂ ಸುಮ್ಮನಿದ್ದೆ. ಈ ಕೂದಲ ಧೂಳು ನಿನಗೆ ಆಗಬರಲ್ಲ. ಮಾತಾಡೋಕೆ ನಾನಿದ್ದೀನಲ್ಲ."

ತಮ್ಮ ಕೆಟ್ಟವನಲ್ಲ ಎಂದು ವಾರ್ತೆಯಣ್ಣನಿಗೆ ಗೊತ್ತಿತ್ತು. ಆಸ್ಪತ್ರೆಯ ದಿನಗಳಲ್ಲಿ ಎರಡೂ ಕುರ್ಚಿಯ ಕೆಲಸ ಒಬ್ಬನೇ ಎಳೆದು ಸೊರಗಿದ್ದ. ಆದರೆ ಆ ಕೊನೆಯ ಮಾತು ಅವನ ಎದೆಗೆ ನಾಟಿತು. ಮಧ್ಯಾಹ್ನದ ಊಟಕ್ಕೆ ಮನೆಗೆ ಹೋಗುವ ದಾರಿಯಲ್ಲಿ ಲೆಕ್ಕ ಹಾಕಿದ. ಹದಿನೈದು ದಿನದೊಳಗೆ ಈ ಡಬ್ಬಿ ಎದುರಿನವನ ಎರಡನೇ ಮಾತಿಗೆ ಮುಂಚೆ ಬಾಯಿ ತೆರೆಯಬೇಕು, ಇಲ್ಲವಾದರೆ ತಾನು ಈ ಕೆಲಸಕ್ಕೆ ನಾಲಾಯಕ್ಕು ಎಂದು ಒಪ್ಪಿಕೊಳ್ಳಬೇಕು. ಎರಡನೆಯದು ಅವನಿಂದ ಆಗುವ ಮಾತಲ್ಲ.

ದಾರಿ ತೋರಿಸಿದವರು ಗೋದಾಮು ತಾತ. ದೊಡ್ಡ ಉಗ್ರಾಣವೊಂದರಲ್ಲಿ ಮೂವತ್ತು ವರ್ಷ ಡಬ್ಬ ಎಣಿಸಿ ನಿವೃತ್ತರಾದವರು, ವಾರಕ್ಕೆರಡು ಸಲ ಗಡ್ಡಕ್ಕೆ ಬರುವವರು. ತಮ್ಮನ ಕುರ್ಚಿಗೆ ಕಾಯದೆ ಹಳೆಯ ಅಭ್ಯಾಸದಂತೆ ಬಾಗಿಲ ಪಕ್ಕದಲ್ಲೇ ಕೂರುತ್ತಿದ್ದ ನಾಲ್ಕೈದು ಜನರಲ್ಲಿ ಒಬ್ಬರು. ಯಂತ್ರದ ಜೊತೆ ಅವನ ಗುದ್ದಾಟವನ್ನು ಕನ್ನಡಿಯಲ್ಲಿ ನೋಡುತ್ತಾ ಕೂತಿದ್ದವರು, ನೊರೆ ಮೆತ್ತಿದ ಬಾಯಲ್ಲೇ, ಉಗ್ರಾಣದಲ್ಲಿ ತಮ್ಮ ಕೈಯಲ್ಲೂ ಇಂಥದ್ದೇ ಇತ್ತು, ಅದರಲ್ಲಿ ಮ್ಯಾಕ್ರೊ ಅಂತ ಒಂದು ಇತ್ತು ಎಂದರು. ಒಂದು ಸಲ ನಾವು ಮುಟ್ಟಬೇಕಾದ್ದನ್ನೆಲ್ಲ ಮುಟ್ಟಿ ತೋರಿಸಿದರೆ ಅದು ನೆನಪಿಟ್ಟುಕೊಳ್ಳುತ್ತದೆ, ಆಮೇಲೆ ಪಕ್ಕದ ಬಟನ್ ಒಂದನ್ನೇ ಒತ್ತಿದರೆ ಎಲ್ಲವನ್ನೂ ತಾನೇ ಮಾಡುತ್ತದೆ. ಮಾರನೇ ದಿನ ಹುಡುಕಿ, ಆ ಮ್ಯಾಕ್ರೊ ಇದ್ದ, ಯಂತ್ರಕ್ಕೆ ಸಿಕ್ಕಿಸುವಂಥ ಒಂದು ಉಗುರಿನಷ್ಟಗಲದ ಕಾರ್ಡು ತಂದುಕೊಟ್ಟರು. ತಮಗೆ ತಿಳಿದದ್ದು ಇಷ್ಟೇ, ಮುಂದಿನದು ನೀನೇ ನೋಡಿಕೊ ಎಂದರು.

ಅದರ ಮರುದಿನ ವಾರದ ರಜೆ. ಬೆಳಿಗ್ಗೆಯೇ ಅಡುಗೆಮನೆಯ ಮೇಜಿನ ಮೇಲೆ ಯಂತ್ರ ಇಟ್ಟುಕೊಂಡು ಕೂತ. ಒಂಬತ್ತು ಸಲ ಮುಟ್ಟಿ ತೋರಿಸಿದ. ಯಂತ್ರ ಕಲಿತೆ ಎಂದಿತು. ಬಟನ್ ಒತ್ತಿದ. ಪರದೆ ಹುಚ್ಚುಹಿಡಿದ ಹಾಗೆ ಮಿನುಗಿತು, ಪಟಪಟ ಏನೇನೋ ತೆರೆದು ಮುಚ್ಚಿ ಕೊನೆಗೆ ಗಡಿಯಾರದ ಮುಂದೆ ನಿಂತಿತು. ಮತ್ತೆ ಒತ್ತಿದ. ಈ ಸಲ ವಿಳಾಸದ ಪುಸ್ತಕ. ಅವನು ನಿಧಾನವಾಗಿ ಮುಟ್ಟಿದ್ದನ್ನು ಯಂತ್ರ ಮೂರೇ ಸೆಕೆಂಡಿನಲ್ಲಿ ಮುಗಿಸಿಬಿಡುತ್ತಿತ್ತು. ಕಿಟಕಿ ತೆರೆದುಕೊಳ್ಳುವ ಮುಂಚೆಯೇ ಮುಂದಿನದನ್ನು ಮುಟ್ಟಿ ಎಲ್ಲೋ ಎಡವುತ್ತಿತ್ತು. ಬಿಸಿ ಟವೆಲ್ ಇಡದೆ ಒಣಗಡ್ಡಕ್ಕೆ ಕತ್ತಿ ಇಟ್ಟ ಹಾಗಾಯಿತು ಎಂದುಕೊಂಡ.

ನಡುವೆ ಕಾಯುವ ಹೊತ್ತು ಸೇರಿಸಬಹುದು ಎಂದು ಹುಡುಕಿ ತಿಳಿದುಕೊಳ್ಳಲು ಮೂರು ದಿನ ಹಿಡಿಯಿತು. ಪ್ರತಿ ಮುಟ್ಟಿನ ನಂತರ ಎರಡು ಸೆಕೆಂಡು ಕಾಯಿಸಿದ. ಅಂಗಡಿಯಲ್ಲಿ ಹತ್ತು ಸಲ ಚೆನ್ನಾಗಿ ನಡೆಯಿತು. ಹನ್ನೊಂದನೆಯ ಸಲ ಬ್ಯಾಟರಿಯ ಎಚ್ಚರಿಕೆ ಬರಲೇ ಇಲ್ಲ, ಯಾಕೆಂದರೆ ಆಗಷ್ಟೇ ಚಾರ್ಜ್ ಮಾಡಿದ್ದ. ಇಲ್ಲದ ಕಿಟಕಿಯನ್ನು ಮುಚ್ಚಲು ಹೋದ ಮ್ಯಾಕ್ರೊ ಬೇರೆಲ್ಲೋ ಮುಟ್ಟಿ, ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದ ಗಿರಾಕಿಯ ಪಕ್ಕದಲ್ಲಿ ಅಲಾರಂ ಕೂಗಿಸಿತು. ಆತ ಬೆಚ್ಚಿದ. ಕತ್ತಿ ಇನ್ನೂ ಎತ್ತಿರಲಿಲ್ಲ, ಪುಣ್ಯ.

"ಅಣ್ಣಾ, ಇದರ ಹಿಂದೆ ಬಿದ್ದು ನಿನ್ನ ತಲೆ ಕೆಡುತ್ತೆ ಅಷ್ಟೇ," ಎಂದ ತಮ್ಮ. ವಾರ್ತೆಯಣ್ಣ ಗೋಡೆಯ ಕ್ಯಾಲೆಂಡರಿನಿಂದ ಹೋದ ತಿಂಗಳ ಹಾಳೆ ಹರಿದು ಮಡಿಸಿ ಜೇಬಿಗಿಟ್ಟುಕೊಂಡ. ಅದರ ಹಿಂಬದಿ ಖಾಲಿ ಇತ್ತು, ಬರೆಯಲು ಬೇಕಾಗಿತ್ತು.

ಆ ಕಾರ್ಡಿನೊಳಗೆ ಮ್ಯಾಕ್ರೊ ಬಗ್ಗೆ ಉದ್ದಕ್ಕೆ ವಿವರಿಸುವ ಪುಟಗಳಿದ್ದವು, ಆದರೆ ಅವನಿಗೆ ಅಷ್ಟಾಗಿ ಬಾರದ ಭಾಷೆಯಲ್ಲಿ. ಹೆಂಡತಿ ಔಷಧದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಡಬ್ಬಿಯೊಳಗೆ ಎಂಟು ಮಡಿಕೆ ಮಾಡಿಟ್ಟ ಚೀಟಿಗಳ ಇರುವೆ ಅಕ್ಷರವನ್ನು ಓದಿ ಓದಿ ಪಳಗಿದವಳು. ಅಂಥ ಬರಹಕ್ಕೆ ಹೆದರುವವಳಲ್ಲ. ಕೆಲಸಕ್ಕೆ ಹೋಗುವ ಮುಂಚೆ ಅರ್ಧ ಗಂಟೆ, ಬಂದ ಮೇಲೆ ಅರ್ಧ ಗಂಟೆ ಅವನ ಜೊತೆ ಕೂತು ಓದಿ ಹೇಳಿದಳು. ಮುಟ್ಟಿದ ಜಾಗವನ್ನು ನೆನಪಿಟ್ಟುಕೊಳ್ಳುವುದು ದಡ್ಡರ ದಾರಿಯಂತೆ. ಇಂಥ ಹೆಸರಿನ ಕಿಟಕಿ ಬಂದರೆ ಮಾತ್ರ ಮುಚ್ಚು, ಬಾರದಿದ್ದರೆ ಮುಂದಕ್ಕೆ ಹೋಗು ಎಂದು ಬರೆಯಬಹುದಂತೆ. ಚಿತ್ರ ಹುಡುಕಿಕೊಂಡು ಹೋಗುವುದೂ ಬೇಡವಂತೆ, ಪ್ರೋಗ್ರಾಮಿನ ಹೆಸರು ಹಿಡಿದು ನೇರವಾಗಿ ಕರೆಯಬಹುದಂತೆ. ಅದು ತೆರೆದುಕೊಳ್ಳುವ ತನಕ ಕಾಯಿ ಎನ್ನಬಹುದಂತೆ. ಒಂದು ಸೆಕೆಂಡಿಗೆ ತೆರೆದರೆ ಒಂದೇ, ಹೆಚ್ಚೆಂದರೆ ಐದು.

"ಔಷಧದ ಹಾಗೇರೀ," ಎಂದಳು. "ಜ್ವರ ಇದ್ದರೆ ಕೊಡಿ, ಇಲ್ಲದಿದ್ದರೆ ಬಿಡಿ. ಸುಮ್ಮನೆ ಎಲ್ಲರಿಗೂ ಕುಡಿಸಬೇಡಿ."

ಅವನು ಕ್ಯಾಲೆಂಡರ್ ಹಾಳೆಯ ಹಿಂದೆ ಏಳು ಸಾಲು ಬರೆದ. ಗೊತ್ತಿಲ್ಲದ ಪದಗಳನ್ನು ಚಿತ್ರ ಬಿಡಿಸುವ ಹಾಗೆ ಒಂದೊಂದೇ ಗೆರೆ ನೋಡಿ ಇಳಿಸಿಕೊಂಡ. ಯಂತ್ರಕ್ಕೆ ಹಾಕಿದ. ನಡೆಯಲಿಲ್ಲ. ಹೆಂಡತಿ ಕನ್ನಡಕ ಏರಿಸಿ ನೋಡಿ, ಮೂರನೇ ಸಾಲಿನಲ್ಲಿ ಒಂದು ಚುಕ್ಕೆ ಬಿಟ್ಟಿದ್ದೀರಿ ಎಂದಳು. ಚುಕ್ಕೆ ಹಾಕಿದ, ಐದನೇ ಸಾಲು ಕೈಕೊಟ್ಟಿತು. ಅದನ್ನು ಸರಿಮಾಡಿದ ದಿನವೇ ಬ್ಯಾಟರಿ ಪೂರ್ತಿ ಸತ್ತು ಯಂತ್ರದೊಳಗೆ ಅವನು ಹಾಕಿದ್ದೆಲ್ಲ ಅಳಿಸಿಹೋಯಿತು. ಅವನು ಒಂದು ಲೋಟ ನೀರು ಕುಡಿದು, ಹಾಳೆ ಬಿಡಿಸಿ ಏಳು ಸಾಲನ್ನೂ ಮತ್ತೆ ಹಾಕಿದ, ಈ ಸಲ ಕಾರ್ಡಿನ ಮೇಲೆ. ಕಾರ್ಡಿನ ಮೇಲಿದ್ದದ್ದು ಬ್ಯಾಟರಿ ಸತ್ತರೂ ಸಾಯುವುದಿಲ್ಲ ಎಂದು ಅಷ್ಟರಲ್ಲಿ ಓದಿ ತಿಳಿದಿದ್ದರು. ಬೆವರೊರೆಸಿಕೊಂಡು ಬಟನ್ ಒತ್ತಿದ. ಪರದೆ ಹೊತ್ತಿತು, ತಾರೀಖು ಬಂದು ಹೋಯಿತು, ಎಚ್ಚರಿಕೆ ಬಂದು ಹೋಯಿತು, ಚೌಕಗಳ ಪುಟ ಕಣ್ಣ ಮುಂದೆ ನಿಂತಿತು. ಗೋಡೆ ಗಡಿಯಾರ ನೋಡಿಕೊಂಡ. ಎಂಟು ಸೆಕೆಂಡು.

ಅದೇ ದಿನ ಸಂಜೆ ಹೆಂಡತಿ ತರಕಾರಿ ಚೀಲ ಇಳಿಸುತ್ತಾ ಎಂದಿನಂತೆ ತನ್ನಷ್ಟಕ್ಕೆ ಮಾತಾಡುತ್ತಿದ್ದಳು. ಔಷಧದಂಗಡಿಯ ಯಜಮಾನರು ಭಾನುವಾರವೂ ಬಾ ಎಂದಿದ್ದಾರೆ, ಹೋಗಲೋ ಬೇಡವೋ ಗೊತ್ತಾಗುತ್ತಿಲ್ಲ ಎಂದಳು. ಆಪರೇಷನ್ ಆದಾಗಿನಿಂದ ಅಂಥ ಪ್ರಶ್ನೆಯನ್ನು ಅವಳೇ ಕೇಳಿ ಅವಳೇ ಉತ್ತರ ಕೊಟ್ಟುಕೊಳ್ಳುತ್ತಿದ್ದಳು. ಹಿಂದಿನಿಂದ ಬಕೆಟ್ಟಿನ ದನಿ "ಬೇಡ" ಎಂದಿತು. ಅವಳು ತಿರುಗಿ ನೋಡಿದಳು.

"ಯಾಕೆ ಬೇಡ? ನೀವು ಆಸ್ಪತ್ರೇಲಿದ್ದಾಗ ಅವರು ತಿಂಗಳುಗಟ್ಟಲೆ ರಜೆ ಕೊಟ್ಟಿದ್ದಾರೆ."

"ಅದಕ್ಕೆ ನಿನ್ನ ಸೊಂಟ ಮುರಿದುಕೊಳ್ಳಬೇಕಾ," ಎಂದು ಅವನು ಅಕ್ಷರ ಒತ್ತಿ ಹೇಳಿಸಿದ. ಅವಳು ಏನೋ ಅಂದಳು, ಅವನೂ ಬಿಡಲಿಲ್ಲ. ಬದನೆಕಾಯಿ ಹೆಚ್ಚಿ ಮುಗಿಯುವ ತನಕ ಗಂಡ ಹೆಂಡತಿ ಚೆನ್ನಾಗಿ ಜಗಳವಾಡಿದರು. ಕೊನೆಗೆ ಅವಳು ಈಳಿಗೆ ಪಕ್ಕಕ್ಕಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು. ಈರುಳ್ಳಿ ಇನ್ನೂ ಹೆಚ್ಚಿರಲಿಲ್ಲ.

ಹದಿನೈದು ದಿನ ಎಂದಿದ್ದ ಮಾಲೀಕರು ಹದಿಮೂರನೇ ದಿನವೇ ಬಂದುಬಿಟ್ಟರು, ಹಿಂದೆ ಅಳತೆಪಟ್ಟಿ ಹಿಡಿದ ಬೀಗದವನು. ಅಂಗಡಿಯಲ್ಲಿ ಆಗ ಬೆಂಚಿನ ತುಂಬ ಜನ. ಗೋದಾಮು ತಾತ ಕುರ್ಚಿಯಲ್ಲಿದ್ದರು, ಅರ್ಧ ಮುಖ ನುಣ್ಣಗೆ, ಅರ್ಧ ನೊರೆ. ಮಾಲೀಕರು ನೇರ ತಮ್ಮನ ಹತ್ತಿರ ಹೋಗಿ ಮಾತು ಶುರು ಮಾಡಿದರು. ಬೀಗದವನು ಬಾಗಿಲಿನಿಂದ ಕುರ್ಚಿಯ ಕಾಲಿನವರೆಗೆ ಅಳತೆಪಟ್ಟಿ ಎಳೆದ.

ವಾರ್ತೆಯಣ್ಣ ಕತ್ತಿ ಕೆಳಗಿಟ್ಟು, ಟವೆಲಿಗೆ ಬೆರಳು ಒರೆಸಿಕೊಂಡು, ಕನ್ನಡಿಯ ಕೆಳಗೆ ನಿಲ್ಲಿಸಿದ್ದ ಯಂತ್ರದ ಬಟನ್ ಒತ್ತಿದ. ಎಂಟು ಸೆಕೆಂಡು. ಮಾಲೀಕರು ಇನ್ನೂ ಮೊದಲ ವಾಕ್ಯದಲ್ಲೇ ಇದ್ದರು. ನಾನು ಒಪ್ಪುವುದಿಲ್ಲ ಎಂಬ ಚೌಕ ಮೇಲಿನ ಸಾಲಿನಲ್ಲಿದೆ ಎಂದು ನೆನೆದು ಮುಟ್ಟಿದ. ಆದರೆ ಅದು ಇದ್ದದ್ದು ಮನೆಯ ಪುಟದಲ್ಲಿ. ಅಂಗಡಿಯ ಪುಟವೇ ಮೊದಲು ತೆರೆಯಲಿ ಎಂದು ಹಿಂದಿನ ದಿನವಷ್ಟೇ ಅವನೇ ಬದಲಾಯಿಸಿದ್ದ.

"ತಲೆ ಸ್ವಲ್ಪ ಬಗ್ಗಿಸಿ," ಎಂದು ಯಂತ್ರ ಇಡೀ ಅಂಗಡಿಗೆ ಕೇಳಿಸುವಂತೆ ಹೇಳಿತು.

ಮಾಲೀಕರು ಥಟ್ಟನೆ ತಲೆ ಬಗ್ಗಿಸಿದರು. ಎಷ್ಟು ವರ್ಷದಿಂದ ಇಂಥ ಕುರ್ಚಿಗಳಲ್ಲಿ ಕೂತು ಆ ಮಾತಿಗೆ ತಲೆ ಬಗ್ಗಿಸಿದ್ದರೋ ಏನೋ. ಬೆಂಚಿನ ಮೇಲೆ ಮೊದಲು ಯಾರೋ ಕೆಮ್ಮಿದರು, ಆಮೇಲೆ ಎಲ್ಲರೂ ನಕ್ಕರು. ಗೋದಾಮು ತಾತನ ನೊರೆ ಎದೆಗೆ ಇಳಿಯಿತು. ಬೀಗದವನ ಅಳತೆಪಟ್ಟಿ ಕೈತಪ್ಪಿ ಸರ್ರನೆ ಡಬ್ಬಿಯೊಳಗೆ ಸೇರಿಕೊಂಡಿತು. ವಾರ್ತೆಯಣ್ಣನಿಗೂ ನಗು ಬಂತು. ಶಬ್ದವಿಲ್ಲದೆ ಭುಜ ಕುಣಿಯಿತು. ಮಾಲೀಕರು ತಲೆ ಎತ್ತಿದರು. ಮುಖ ಕೆಂಪಗಾಗಿತ್ತು. ಹೊರಟೇಬಿಡುತ್ತಾರೆ ಎಂದು ಅವನಿಗೆ ಅನ್ನಿಸಿತು. ಯಂತ್ರ ಕೈಗೆತ್ತಿಕೊಂಡು, ಎರಡು ಹೆಜ್ಜೆ ಇಟ್ಟು ಅವರ ಮುಂದೆ ಹೋಗಿ ನಿಂತು, ತಡೆಯಿರಿ ಎಂಬಂತೆ ಒಂದು ಅಂಗೈ ಎತ್ತಿ ತೋರಿಸಿ, ಅಕ್ಷರ ಒತ್ತತೊಡಗಿದ. ಅವಸರ ಮಾಡಲಿಲ್ಲ. ಆಪರೇಷನ್ ಆದ ಮೇಲೆ ಮೊದಲ ಸಲ ಎಲ್ಲರೂ ಅವನ ಮಾತಿಗೆ ಕಾಯುತ್ತಿದ್ದರು.

"ಈ ಕುರ್ಚಿ ನನ್ನದು. ನಾನು ದನಿ ಬಿಟ್ಟಿದ್ದೇನೆ, ಕೆಲಸ ಬಿಟ್ಟಿಲ್ಲ. ನನ್ನ ವಿಷಯ ನನ್ನ ಹತ್ತಿರ ಮಾತಾಡಿ."

ಮಾಲೀಕರು ಕನ್ನಡಕ ಸರಿಮಾಡಿಕೊಂಡರು. ತಾವು ತಮ್ಮನ ಹತ್ತಿರ ಕೇಳಿದಾಗ ಅವನು ಬೇಡ ಎನ್ನಲಿಲ್ಲವಲ್ಲ ಎಂದರು. ಈ ಸಲ ದನಿಯಲ್ಲಿ ಮೆತ್ತಗಿನದೇನೂ ಇರಲಿಲ್ಲ. ವಾರ್ತೆಯಣ್ಣ ತಮ್ಮನ ಕಡೆ ತಿರುಗಿದ. ಯಂತ್ರ ಮುಟ್ಟಲಿಲ್ಲ, ಬರೀ ನೋಡಿದ.

ತಮ್ಮ ಬಾಚಣಿಗೆ ಕೆಳಗಿಟ್ಟು ಮಾಲೀಕರ ಕಡೆ ತಿರುಗಿದ. "ಖಾಲಿ ಕುರ್ಚಿ ಅಂತ ಸುಮ್ಮನಿದ್ದೆ," ಎಂದ. "ಅಣ್ಣ ನಿಲ್ತೀನಿ ಅಂದರೆ ಮೂರು ತಿಂಗಳು ನೋಡೋಣ ಸಾರ್. ಆಮೇಲೂ ಖಾಲಿ ಇದ್ದರೆ ಆಗ ನಾವೇ ಬಂದು ಹೇಳ್ತೀವಿ."

ಪೂರ್ತಿ ಗೆಲುವೇನಲ್ಲ. ತಮ್ಮ ಇನ್ನೂ ಗಟ್ಟಿಯಾಗಿ ಹೇಳಬಹುದಿತ್ತು ಎಂದು ವಾರ್ತೆಯಣ್ಣನಿಗೆ ಅನ್ನಿಸದೆ ಇರಲಿಲ್ಲ. ಆದರೆ ಮೂರು ತಿಂಗಳು ಎಂದರೆ ತೊಂಬತ್ತು ದಿನ. ಮಾಲೀಕರು ಹೂಂ ಎಂದು ಹೊರಟರು. ಬೀಗದವನು ಹೋಗುವಾಗ, ಯಂತ್ರಕ್ಕೆ ಅದನ್ನು ಹೇಗೆ ಕಲಿಸಿದಿರಿ ಎಂದು ಕೇಳಿದ.

ವಾರ್ತೆಯಣ್ಣ ಆ ತೊಂಬತ್ತು ದಿನವನ್ನು ಪೋಲು ಮಾಡಲಿಲ್ಲ. ಇನ್ನೊಂದು ಬಟನ್ನಿಗೆ ಮನೆಯ ಪುಟ ಕೂರಿಸಿದ. ಬೆಳಿಗ್ಗೆ ಬಾಗಿಲು ತೆರೆಯುವ ಮುಂಚೆ ಆ ದಿನದ ಸುದ್ದಿಗಳನ್ನು ಚೌಕಗಳಿಗೆ ತುಂಬಿಕೊಳ್ಳುತ್ತಿದ್ದ. ಯಾವ ಬೀದಿಗೆ ನೀರಿಲ್ಲ, ಯಾರ ಮನೆಯ ನಾಯಿ ಕಳೆದಿದೆ. ಕೆಲವರು ಮರಳಿ ಬಂದರು. ಕೆಲವರು ಆ ಬಕೆಟ್ಟಿನ ದನಿ ಕೇಳಿದರೆ ಮೈ ಜುಮ್ಮೆನ್ನುತ್ತದೆ ಎಂದು ತಮ್ಮನ ಹತ್ತಿರವೇ ಉಳಿದರು. ಮೂರು ತಿಂಗಳು ಮುಗಿದ ದಿನ ಬಾಗಿಲ ಪಕ್ಕದ ಕುರ್ಚಿಯಲ್ಲಿ ಒಬ್ಬರು ಕೂತಿದ್ದರು, ಬೆಂಚಿನಲ್ಲಿ ಅವರ ನಂತರಕ್ಕೆಂದು ಇಬ್ಬರು ಕಾದಿದ್ದರು. ತಮ್ಮ ಮಾಲೀಕರ ಮನೆ ಕಡೆ ಹೋಗಲೇ ಇಲ್ಲ. ಬೀಗದವನಿಗೆ ಪಕ್ಕದ ಕಟ್ಟಡದ ಮೆಟ್ಟಿಲ ಕೆಳಗೆ ಜಾಗ ಸಿಕ್ಕಿತ್ತು.

ತಪಾಸಣೆಗೆ ಆಸ್ಪತ್ರೆಗೆ ಹೋದಾಗ ಮಾತು ಕಲಿಸುವ ಮೇಡಂ ಅವನು ಬಟನ್ ಒತ್ತಿದ್ದನ್ನು ನೋಡಿ, ಇದನ್ನು ಯಾರು ಮಾಡಿಕೊಟ್ಟರು ಎಂದು ಕೇಳಿದರು. ಅವನು ತನ್ನ ಎದೆ ಮುಟ್ಟಿ ತೋರಿಸಿ, ಆಮೇಲೆ ಪಕ್ಕದಲ್ಲಿದ್ದ ಹೆಂಡತಿಯ ಕಡೆ ಬೆರಳು ಮಾಡಿದ. ಮೇಡಂ ಕಪಾಟು ತೆರೆದರು. ಅಂಥವೇ ಇನ್ನೂ ಐದು ಯಂತ್ರ. ಎಲ್ಲವನ್ನೂ ರೋಗಿಗಳು, ಇದು ತೆರೆಯುವಷ್ಟರಲ್ಲಿ ಹೇಳಬೇಕಾದ್ದೇ ಮರೆತುಹೋಗುತ್ತದೆ ಎಂದು ವಾಪಸ್ ಕೊಟ್ಟಿದ್ದರಂತೆ.

ಮುಂದಿನ ರಜೆಯ ದಿನ ಗಂಡ ಹೆಂಡತಿ ಕ್ಯಾಲೆಂಡರ್ ಹಾಳೆಯನ್ನೂ ತಾತನದರ ಹಾಗೆಯೇ ತುಂಬಿಸಿದ ಐದು ಕಾರ್ಡುಗಳನ್ನೂ ತೆಗೆದುಕೊಂಡು ಅಲ್ಲಿಗೆ ಹೋದರು. ಮೊದಲ ಯಂತ್ರ ಒಬ್ಬ ದರ್ಜಿ ಹೆಂಗಸು ವಾಪಸ್ ಕೊಟ್ಟಿದ್ದದ್ದು, ಮೇಡಂ ಅವರನ್ನು ಮತ್ತೆ ಕರೆಸಿದ್ದರು. ಪಾರ್ಶ್ವವಾಯು ಬಡಿದು ಮಾತು ನಿಂತಿತ್ತು, ಬಲಗೈ ನಡುಗುತ್ತಿತ್ತು, ಆ ಜೋಳದ ಕಾಳಿನಂಥ ಚಿತ್ರಗಳನ್ನು ಮುಟ್ಟುವುದು ಅವರಿಂದ ಆಗದ ಮಾತು. ಜೊತೆಗೆ ಬಂದಿದ್ದ ಅಕ್ಕ ಎಲ್ಲದಕ್ಕೂ ಅವರ ಪರವಾಗಿ ತಾನೇ ಉತ್ತರ ಹೇಳುತ್ತಿದ್ದರು. ವಾರ್ತೆಯಣ್ಣ ಏಳು ಸಾಲು ಹಾಕಿ ಬಟನ್ ಒತ್ತಿ ನೋಡಿದ. ನಡುವೆ ನಿಂತುಬಿಟ್ಟಿತು. ಈ ಯಂತ್ರ ಅವನದಕ್ಕಿಂತ ನಿಧಾನ. ಹೆಂಡತಿ ನಾಲ್ಕನೇ ಸಾಲಿಗೆ ಬೆರಳಿಟ್ಟಳು, ಅವನು ಹೆಚ್ಚೆಂದರೆ ಐದು ಸೆಕೆಂಡು ಕಾಯಿ ಎಂದಿದ್ದದ್ದನ್ನು ಹತ್ತು ಮಾಡಿದ. ಈ ಸಲ ಚೌಕಗಳ ಪುಟ ತೆರೆಯಿತು.

ಯಂತ್ರವನ್ನು ಅವರ ಎಡಗೈಗೆ ಕೊಟ್ಟು, ಬಟನ್ ಮೇಲೆ ಹೆಬ್ಬೆರಳು ಇಡಿಸಿದ. ಮೇಡಂ, ಟೀ ಬೇಕಾ ಎಂದು ಕೇಳಿದರು. ಬೇಡ, ಅವಳು ಕುಡಿಯಲ್ಲ ಎಂದು ಅಕ್ಕ ಎಂದಿನಂತೆ ಉತ್ತರ ಕೊಟ್ಟರು. ದರ್ಜಿ ಹೆಂಗಸು ಬಟನ್ ಒತ್ತಿ, ಹದಿನಾಲ್ಕು ಸೆಕೆಂಡು ಪರದೆಯನ್ನೇ ದಿಟ್ಟಿಸಿ, ಒಂದು ಚೌಕ ಮುಟ್ಟಿದರು.

"ಬೇಕು," ಎಂದಿತು ಯಂತ್ರ.

ಮೇಡಂ ಟೀ ತರಲು ಎದ್ದರು. ವಾರ್ತೆಯಣ್ಣ ಎರಡನೇ ಯಂತ್ರ ತೆಗೆದುಕೊಂಡು ಮೊದಲ ಸಾಲು ಬರೆಯಲು ಶುರು ಮಾಡಿದ.